ನಡು ಆಕಾಶದಲ್ಲೊಂದು ಸೂರ್ಯಾಸ್ತ

ಬಾಹ್ಯಾಕಾಶ ನಿಲ್ದಾಣ ಊರ ಮೇಲೆ ಹಾದುಹೋಗುವುದನ್ನು ನೋಡಲು ಒಂದು ತಾರಸಿ, ಬರಿಗಣ್ಣು, ಹೊತ್ತು ತಿಳಿಸುವ ಮೊಬೈಲ್ ಆ್ಯಪ್ ಇದ್ದರೆ ಸಾಕು. ಕತ್ತಲು ಕವಿಯುತ್ತಿರುವಾಗ ಪಡುವಣದ ಮನೆಗಳ ಮೇಲೆ ಮಂಕು ಚುಕ್ಕಿಯೊಂದು ಕಾಣಿಸುತ್ತದೆ. ಆಗಿನ್ನೂ ಅದು ಸುಮಾರು ಎರಡು ಸಾವಿರ ಕಿ.ಮೀ. ಆಚೆ ಇರುತ್ತದೆ, ಹಾಗಾಗಿ ನಡಿಗೆ ನಿಧಾನ. ಮೇಲೇರಿದಂತೆ ಬೆಳಕೂ ವೇಗವೂ ಜೊತೆಜೊತೆಗೆ ಏರುತ್ತವೆ. ನೆತ್ತಿಗೆ ಬರುವಾಗ ದೂರ 400 ಕಿ.ಮೀ.ಗೆ ಇಳಿದು, ಬೆಳಕು ಶುಕ್ರನನ್ನು ಸರಿಗಟ್ಟುತ್ತದೆ. ವಿಮಾನದ ಸದ್ದಿಲ್ಲ, ಕೆಂಪು ಹಸಿರು ಮಿಣುಕಿಲ್ಲ. ನೂರು ಮೀಟರಿಗೂ ಉದ್ದದ ಕಟ್ಟೋಣವೊಂದು ಸೆಕೆಂಡಿಗೆ ಏಳೂವರೆ ಕಿ.ಮೀ.ಗೂ ಮಿಕ್ಕಿ ಓಡುತ್ತಿದೆ ಎಂಬುದು ಆ ಸಮಾಧಾನದ ಚಲನೆಯಲ್ಲಿ ಗೊತ್ತೇ ಆಗುವುದಿಲ್ಲ.

ಇಷ್ಟು ನೋಡಿ ಹೆಚ್ಚಿನವರು ಕೆಳಗಿಳಿದುಬಿಡುತ್ತಾರೆ. ನನ್ನ ಮಟ್ಟಿಗೆ ರಸವೆಲ್ಲ ಇರುವುದು ಅನಂತರದ ಒಂದೆರಡು ನಿಮಿಷಗಳಲ್ಲಿ.

ಮೂಡಣಕ್ಕೆ ಇಳಿಯುತ್ತಿರುವ ಚುಕ್ಕಿ ದಿಗಂತ ಮುಟ್ಟುವ ಮೊದಲೇ, ನಕ್ಷತ್ರಗಳ ನಡುವೆ ಇದ್ದಕ್ಕಿದ್ದಂತೆ ಹಳದಿಯಾಗಿ, ಕೆಂಪಾಗಿ, ಕೆಲವೇ ಸೆಕೆಂಡುಗಳಲ್ಲಿ ಆರಿಹೋಗುತ್ತದೆ. ಬೈನಾಕ್ಯುಲರ್ ಇದ್ದರೆ ಆ ಕೆಂಪನ್ನು ಇನ್ನಷ್ಟು ಹೊತ್ತು ಹಿಡಿದಿಟ್ಟು ಸವಿಯಬಹುದು. ನಮಗೆ ಕಾಣುವುದು ನಿಲ್ದಾಣದ ಮೇಲೆ ಬಿದ್ದ ಬಿಸಿಲು. ಅದು ಭೂಮಿಯ ನೆರಳು ಹೊಗುವ ಕ್ಷಣದಲ್ಲಿ ಆ ಬಿಸಿಲು ನಮ್ಮ ವಾಯುಮಂಡಲದ ಅಂಚನ್ನು ಸವರಿಕೊಂಡು ಬಂದು ಕೆಂಪೇರುತ್ತದೆ. ಅಲ್ಲಿರುವವರಿಗೆ ಅದು ಸೂರ್ಯಾಸ್ತ. ದಿನಕ್ಕೆ ಸುಮಾರು ಹದಿನಾರು ಸಲ ಅವರು ಕಾಣುವ ಅಸ್ತಮಾನದಲ್ಲಿ ಒಂದನ್ನು ನಾವು ಹೊರಗಿನಿಂದ, ಕೆಳಗಿನಿಂದ ಕಂಡಂತಾಯಿತು. 2025ರಲ್ಲಿ ಭಾರತದ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿ ಧಾರವಾಡದ ವಿಜ್ಞಾನಿಗಳ ಪ್ರಯೋಗಕ್ಕಾಗಿ ಹೆಸರುಕಾಳು, ಮೆಂತ್ಯೆ ಮೊಳೆಸಿದ್ದೂ ಇಂಥ ಹಗಲು ರಾತ್ರಿಗಳ ನಡುವೆಯೇ.

ನಮ್ಮ ಸೀಮೆಯಲ್ಲಿ ಸೂರ್ಯ ಹೆಚ್ಚು ಓರೆಯಾಗದೆ ಇಳಿಯುತ್ತಾನೆ, ನೆರಳು ಬೇಗ ಮೇಲೇಳುತ್ತದೆ. ಮುಳುಗಿ ಒಂದೂವರೆ ಗಂಟೆಯಾಗುವಷ್ಟರಲ್ಲಿ ಅದು ನೆತ್ತಿಯ ಮೇಲೆ 400 ಕಿ.ಮೀ. ಎತ್ತರ ಮುಟ್ಟಿರುತ್ತದೆ. ಹಾಗಾಗಿ ಹೊತ್ತು ಕಳೆದಷ್ಟೂ ನಿಲ್ದಾಣ ಆರುವ ಜಾಗ ಪಡುವಣಕ್ಕೆ ಸರಿಯುತ್ತದೆ. ಲಂಡನ್ನಿನಲ್ಲಿ ಜೂನ್ ನಡುವೆ ಅದು ರಾತ್ರಿಯಿಡೀ ಬಿಸಿಲಲ್ಲೇ ಹೊಳೆಯುತ್ತದೆ, ನೆರಳು ಅಷ್ಟು ಎತ್ತರಕ್ಕೆ ಏರುವುದೇ ಇಲ್ಲ. ಅಲ್ಲಿಯವರಿಗೆ ಆಗ ನೋಟ ಹೆಚ್ಚು ಸಿಗುತ್ತದೆ, ನಿಜ. ಆದರೂ ಇಲ್ಲಿಯ ಈ ಆರುವಿಕೆಯನ್ನು ನಾನು ಅದಕ್ಕೆ ಬಿಟ್ಟುಕೊಡಲಾರೆ.

ನುರಿತ ಹವ್ಯಾಸಿಗಳು ಇದಕ್ಕಿಂತಲೂ ಮುಂದೆ ಹೋಗುತ್ತಾರೆ. ಉಪಗ್ರಹವು ಎರಡು ನಕ್ಷತ್ರಗಳ ನಡುವೆ ದಾಟುವ ಕ್ಷಣವನ್ನು ಸ್ಟಾಪ್‌ವಾಚ್‌ನಲ್ಲಿ ಹಿಡಿದು ಕಕ್ಷೆಯನ್ನೇ ಲೆಕ್ಕ ಹಾಕುತ್ತಾರೆ. ಗುಟ್ಟಾಗಿಟ್ಟ ಬೇಹುಗಾರ ಉಪಗ್ರಹಗಳ ದಾರಿಯೂ ಹೀಗೆ ಬಯಲಾಗಿದೆ. ಉಪಗ್ರಹಗಳನ್ನು ಹಾರಿಸುವ ಮುನ್ನವೇ, 1956ರಲ್ಲಿ, ಅಮೆರಿಕದ ಖಗೋಳವಿಜ್ಞಾನಿ ಫ್ರೆಡ್ ವಿಪಲ್ ಉಪಗ್ರಹಗಳ ಜಾಡು ಹಿಡಿಯುವ 'ಮೂನ್‌ವಾಚ್' ಯೋಜನೆಗೆ ನೆಚ್ಚಿದ್ದು ಇಂಥವರನ್ನೇ. ಮರುವರ್ಷ ಸ್ಪುಟ್ನಿಕ್ ಎಂದು ಲೋಕ ಬರಿಗಣ್ಣಿನಲ್ಲಿ ಬೆರಗಾಗಿ ನೋಡಿದ್ದು ಬಹುಪಾಲು ಅದರ ರಾಕೆಟ್ಟನ್ನು. 58 ಸೆಂ.ಮೀ.ನ ಆ ಗೋಳ ಬರಿಗಣ್ಣಿಗೆ ಸಿಗುವುದು ದುರ್ಲಭವಾಗಿತ್ತು.

ಮುಂದಿನ ಸಲ ಸಂಜೆಯ ನಿಲ್ದಾಣ ನೆತ್ತಿ ದಾಟಿತೆಂದು ಒಳಗೆ ಹೋಗಬೇಡಿ. ಮೂಡಣಕ್ಕೆ ತಿರುಗಿ, ಅದು ಕೆಂಪಾಗುವವರೆಗೂ ನಿಲ್ಲಿ.