ಒರೆಸುವ ಮುನ್ನ ಒಮ್ಮೆ ನೋಡಿ

ನಾಯಂಡಹಳ್ಳಿಯ ನಮ್ಮ ಬೀದಿಗೆ ಸಂಜೆಯಾದರೆ ಹೂವಿನವರು ಬರುತ್ತಾರೆ. ಶುಕ್ರವಾರ ದೇವರಿಗೆ ಮುಡಿಸಿದ ಮೊಳ ಮಲ್ಲಿಗೆಯನ್ನು ಮರುದಿನ ತೆಗೆದು ಮೂಲೆಯಲ್ಲಿಟ್ಟು ಮರೆತೆವು. ಮಧ್ಯಾಹ್ನದೊಳಗೆ ನಮ್ಮ ಬೆಕ್ಕು ಕರಿಯ ಮೂರು ಸಲ ಕಕ್ಕಿದ. ಮೊದಲು ತಿಂದ ಮೀನು, ಆಮೇಲೆ ಬರೀ ಹಳದಿ ನೊರೆ. ಬಾಯಿ ಬಿಡಿಸಿದರೆ ನಾಲಿಗೆಯ ಬುಡದಲ್ಲಿ ಹೂ ಕಟ್ಟಿದ ದಾರ.

ಎಳೆಯಲು ಕೈ ಮುಂದಾಯಿತು. ಫೋನಿನಲ್ಲಿದ್ದ ಡಾಕ್ಟರಮ್ಮ, "ಎಳೀಬೇಡಿ, ಹಾಗೇ ಕರ್ಕೊಂಡು ಬನ್ನಿ" ಎಂದರು. ದಾರದ ಒಂದು ತುದಿ ನಾಲಿಗೆಗೆ ಸಿಕ್ಕಿ ಇನ್ನೊಂದು ತುದಿ ಕರುಳಿಗಿಳಿದರೆ, ಲಾಡಿ ಎಳೆದ ಲಂಗದಂತೆ ಕರುಳು ನೆರಿಗೆಗಟ್ಟುತ್ತದೆ. ಜಗ್ಗಿದರೆ ದಾರವೇ ಕರುಳನ್ನು ಕೊಯ್ಯಬಹುದು. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲ ಕಡೆಗೆ ಬಾಗಿರುವುದರಿಂದ ಸಿಕ್ಕಿದ್ದನ್ನು ಉಗುಳುವುದು ಅದಕ್ಕೆ ಕಷ್ಟ.

ಮೈ ನೆಕ್ಕುವಾಗ ಕೂದಲು ಹೊಟ್ಟೆ ಸೇರುವುದೂ ಆ ಮುಳ್ಳುಗಳಿಂದಲೇ. ಹೊಸೆದ ಬತ್ತಿಯಂಥ ಕೂದಲುಂಡೆ ಯಾವಾಗಲೋ ಒಮ್ಮೆ ಬಿದ್ದು, ಬೆಕ್ಕು ಮತ್ತೆ ಉಂಡು ಆಡಿಕೊಂಡಿದ್ದರೆ ಗಾಬರಿ ಬೇಡ. ದಿನಾ ಮೈ ಬಾಚಿ. ಗಬಗಬ ತಿಂದು ಹಾಗೇ ಹೊರಹಾಕಿದರೆ ಊಟವನ್ನು ಸ್ವಲ್ಪಸ್ವಲ್ಪವಾಗಿ ಕೊಡಿ. ಗಾದೆಯ ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದರೂ, ಬೆಳೆದ ಎಷ್ಟೋ ಬೆಕ್ಕುಗಳಿಗೆ ಹಾಲಿನ ಸಕ್ಕರೆ ಅರಗುವುದಿಲ್ಲ.

ಆದರೆ ಒಂದೇ ದಿನ ಮತ್ತೆಮತ್ತೆ ಕಕ್ಕಿದರೆ, ನೀರೂ ನಿಲ್ಲದಿದ್ದರೆ, ರಕ್ತ ಕಂಡರೆ, ಮಂಚದಡಿ ಸೇರಿ ಮುದುರಿಕೊಂಡರೆ ಕಾಯಬೇಡಿ. ಲಸಿಕೆ ಹಾಕಿಸದ ಮರಿ ವಾಂತಿ ಮಾಡಿಕೊಂಡು ಊಟ ಬಿಟ್ಟರಂತೂ ಅದು ಪ್ರಾಣಾಪಾಯದ ಸೋಂಕಿರಬಹುದು. ಗಂಡು ಬೆಕ್ಕು ತಿಣುಕಿದರೂ ಮೂತ್ರ ಬಾರದೆ ಕಕ್ಕುತ್ತಿದ್ದರೆ ಒಂದು ರಾತ್ರಿಯೂ ತಡೆಯುವಂತಿಲ್ಲ. ಲಿಲ್ಲಿ ಹೂವಿನ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಕೆಡಬಹುದು. ನಮ್ಮ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಅದರ ಜೀವ ತೆಗೆಯಬಲ್ಲದು. ಮನೆಮದ್ದಿನ ಪ್ರಯೋಗ ಬೇಡವೇ ಬೇಡ.

ಇನ್ನು ವಯಸ್ಸಾದ ಬೆಕ್ಕು ವಾರವಾರ ಕಕ್ಕುತ್ತ ಸೊರಗುತ್ತಿದ್ದರೆ, "ಬೆಕ್ಕಲ್ವಾ, ಕಕ್ಕುತ್ತೆ ಬಿಡಿ" ಎನ್ನಬೇಡಿ. ಮೂತ್ರಪಿಂಡ, ಥೈರಾಯ್ಡ್, ಕರುಳು, ಎಲ್ಲಿ ತೊಂದರೆಯಿದೆಯೋ ರಕ್ತ ಪರೀಕ್ಷೆ ಮೊದಲಾದವನ್ನು ಮಾಡಿಸಿ ತಿಳಿಯಬೇಕು.

ಅಂದೇ ಸಂಜೆ ಕರಿಯನಿಗೆ ಆಪರೇಷನ್ ಆಯಿತು. ಹೊಟ್ಟೆಯಿಂದ ಬಂದದ್ದು ಮೊಳದುದ್ದದ ದಾರ. ಅದರ ಗಂಟುಗಳಲ್ಲಿ ಮಲ್ಲಿಗೆಯ ತೊಟ್ಟುಗಳು ಇನ್ನೂ ಇದ್ದವು. ಅವನು ಉಳಿದ. ನಿಮ್ಮ ಬೆಕ್ಕು ಕಕ್ಕಿದಾಗ ಬಟ್ಟೆ ತರುವ ಮೊದಲು ಬಗ್ಗಿ ನೋಡಿ, ಒಂದು ಫೋಟೋ ತೆಗೆದಿಡಿ. ಬಾಡಿದ ಹೂವನ್ನು ದಾರ ಸಮೇತ ಮುಚ್ಚಳದ ಡಬ್ಬಿಗೆ ಹಾಕಿ.