ಪಂಪನೊಡನೆ ಒಂದು ಹಗಲು

ಬನವಾಸಿಯನ್ನು ನೆನೆದ ಪಂಪನ ಪದ್ಯಗಳನ್ನು ನಾಡಭಿಮಾನದ ಘೋಷಣೆಯೆಂದಷ್ಟೇ ಓದುವ ರೂಢಿ ನಮ್ಮಲ್ಲಿ ಬೆಳೆದಿದೆ. ಅದು ಸಾಲದು. ಕ್ರಿ.ಶ. 941ರ ‘ವಿಕ್ರಮಾರ್ಜುನ ವಿಜಯ’ದಲ್ಲಿ ಅವು ಬರುವುದು ಅರ್ಜುನನ ತೀರ್ಥಯಾತ್ರೆಯ ನಡುವೆ. ತೆಂಕಣದ ಗಾಳಿ, ಕಿವಿಗೆ ಬಿದ್ದ ಗಾನ, ಬಿರಿದ ಮಲ್ಲಿಗೆ, ಇವುಗಳಿಂದ ಕವಿಗೆ ನಾಡು ನೆನಪಾಗುತ್ತದೆ, ಕೋಟೆಕೊತ್ತಲಗಳಿಂದಲ್ಲ. ಕಾರಿನ ಗಾಜಿನ ಹಿಂದೆ ಕುಳಿತವನಿಗೆ ಇವು ದಕ್ಕುವುದುಂಟೆ?

ಓದುಗರು ಒಂದು ದಿನ ನಡೆದೇ ನೋಡಲಿ. ಶಿರಸಿಯ ಕಾಡನ್ನೂ ಶಾಲ್ಮಲೆಯ ಸಹಸ್ರಲಿಂಗವನ್ನೂ ಅದೇ ಹಗಲಿಗೆ ತುರುಕುವುದು ಪದ್ಯವನ್ನು ಪರೀಕ್ಷೆಗಾಗಿ ಉರುಹೊಡೆದಂತೆ. ಬೆಳಗ್ಗೆ ಮಧುಕೇಶ್ವರನ ಗುಡಿ, ಬಿಸಿಲೇರುವ ಮುನ್ನ ವರದೆಯ ದಂಡೆ, ಸಂಜೆಗೆ ಗುಡ್ನಾಪುರದ ಕೆರೆ: ಇಷ್ಟು ಸಾಕು. ದಾರಿಯಲ್ಲಿ ಹುಲ್ಲಿನ ಬೇಣ ಸಿಕ್ಕರೆ ಸುಮ್ಮನೆ ಕುಳಿತುಕೊಳ್ಳಿ. ಗಾಳಿಗೆ ಅಲ್ಲಿ ಅಡ್ಡಿಯಿಲ್ಲ. ಮಳೆಗಾಲ ಬೇಡ, ವರದೆ ಉಕ್ಕುತ್ತಾಳೆ. ಪಂಪನು ನೆನೆದದ್ದೂ ವಸಂತವನ್ನೇ.