ಗ್ರಾಮರಂಗವೂ ಸರ್ಕಾರದ ಸಹಾಯಧನವೂ

ಗ್ರಾಮಕಲೆಗಳಿಗೆ ಸರ್ಕಾರವು ಧನಸಹಾಯ ಮಾಡಬೇಕೆ, ಬೇಡವೆ ಎಂಬ ವಾದವು ಹಳೆಯದಾಯಿತು. 1953ರಲ್ಲಿ ದೆಹಲಿಯಲ್ಲಿ ಸಂಗೀತ ನಾಟಕ ಅಕಾಡೆಮಿಯು ಆರಂಭವಾದಂದಿನಿಂದ ಈ ಸಹಾಯವು ನಡೆದೇ ಬಂದಿದೆ. ಕರ್ಣಾಟಕದಲ್ಲಿಯೂ ಅಕಾಡೆಮಿಗಳಿವೆ, ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಿಂದ ಸಂಘಗಳಿಗೆ ಅನುದಾನವೂ ವೃದ್ಧ ಕಲಾವಿದರಿಗೆ ಮಾಸಾಶನವೂ ದೊರೆಯುತ್ತವೆ. ರಾಜಾಶ್ರಯವು ಹೋದೆಡೆಗೆ ಪ್ರಜಾಶ್ರಯವು ಬಂದುದು ಸಂತೋಷದ ಸಂಗತಿಯೇ ಸರಿ. ವಿಚಾರಣೀಯವಾದುದು ಬೇರೊಂದಿದೆ: ಈ ಧನವು ಕಲೆಯ ಯಾವ ಅಂಗದ ಮೇಲೆ ಬೀಳುತ್ತಿದೆ?

ಮೂಡಲಪಾಯದ ಯಕ್ಷಗಾನವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಕರಾವಳಿಯ ಪಡುವಲಪಾಯಕ್ಕೆ ದೇವಸ್ಥಾನಗಳ ಆಸರೆಯುಂಟು; ಕಟೀಲಿನ ಮೇಳಗಳಿಂದ ಸೇವೆಯಾಟವನ್ನು ಆಡಿಸಲು ಹರಕೆ ಹೊತ್ತವರು ವರ್ಷಗಟ್ಟಲೆ ಕಾದಿರುತ್ತಾರೆ, ಆಟದ ವೆಚ್ಚವನ್ನು ಹರಕೆಯೇ ಹೊರುತ್ತದೆ. ತುಮಕೂರು, ಮಂಡ್ಯ, ಹಾಸನದ ಸೀಮೆಗಳ ಹಳ್ಳಿಗಳಲ್ಲಿ ಅಂಥ ಏರ್ಪಾಡಿಲ್ಲ. ಅಲ್ಲಿ ವೇಷಧಾರಿಗಳು ಒಕ್ಕಲುಮಕ್ಕಳು. ಸುಗ್ಗಿ ಮುಗಿದು ಕೈ ಬಿಡುವಾದಾಗ ಊರವರು ಭಾಗವತನೊಬ್ಬನನ್ನು ಕರೆತಂದು, ಅವನ ಊಟ ವಸತಿಗಳನ್ನೂ ಕಾಣಿಕೆಯನ್ನೂ ಗೊತ್ತುಮಾಡಿ, ತಿಂಗಳುಗಟ್ಟಲೆ ರಾತ್ರಿಯ ಹೊತ್ತು ಪ್ರಸಂಗವನ್ನು ಕಲಿಯುತ್ತಾರೆ. ಅಕ್ಷರವರಿಯದವನು ಕಿವಿಯಿಂದಲೇ ಪದವನ್ನು ಕಂಠಸ್ಥ ಮಾಡುತ್ತಾನೆ. ಹಗಲೆಲ್ಲ ಗುದ್ದಲಿ ಹಿಡಿದ ಕೈಗೆ ಕತ್ತಿಯ ವರಸೆಯೂ ಕಾಲಿಗೆ ತಾಳದ ಗತಿಯೂ ಒಗ್ಗಬೇಕು. ಹೀಗೆ ಕಲಿತುದನ್ನು ಆಡುವುದು ಒಂದು ರಾತ್ರಿ, ಹೆಚ್ಚೆಂದರೆ ಎರಡು. ಕಲೆಯ ದೇಹವೆಲ್ಲವೂ ಆ ತಿಂಗಳುಗಳಲ್ಲಿದೆ. ಆಟದ ರಾತ್ರಿಯು ಅದರ ಹಣೆಯ ತಿಲಕ ಮಾತ್ರ.

ಅನುದಾನದ ಕಣ್ಣಿಗೆ ಬೀಳುವುದಾದರೋ ಆ ತಿಲಕವೊಂದೇ. ಅರ್ಜಿಯಲ್ಲಿ ಕಾರ್ಯಕ್ರಮದ ದಿನ, ಸ್ಥಳ, ವೆಚ್ಚಗಳನ್ನು ಕಾಣಿಸಬೇಕು. ಬಳಿಕ ರಸೀದಿಗಳನ್ನೂ ಛಾಯಾಚಿತ್ರಗಳನ್ನೂ ಒಪ್ಪಿಸಬೇಕು. ಚಪ್ಪರಕ್ಕೆ ರಸೀದಿಯುಂಟು, ಧ್ವನಿವರ್ಧಕಕ್ಕೆ ರಸೀದಿಯುಂಟು, ಅಧ್ಯಕ್ಷರ ಕೊರಳಿನ ಹಾರಕ್ಕೂ ಉಂಟು. ಮೂರು ತಿಂಗಳು ಒಬ್ಬನ ತಾಳವನ್ನು ತಿದ್ದಿದ ಭಾಗವತನ ಶ್ರಮಕ್ಕೆ ಯಾವ ಅಂಗಡಿಯವನು ರಸೀದಿ ಬರೆದುಕೊಟ್ಟಾನು? ಇದರ ಪರಿಣಾಮವು ಸಹಜವಾಗಿಯೇ ಇದೆ. ಬೆಳಗಾಗುವವರೆಗೆ ನಡೆಯಬೇಕಾದ ಪ್ರಸಂಗವು ಉತ್ಸವದ ವೇದಿಕೆಯ ಮೇಲೆ ಅರ್ಧಗಂಟೆಗೆ ಕುಗ್ಗುತ್ತದೆ. ಸಾರಥಿಯು ಬಂದ ವೇಷವನ್ನು ಮಾತನಾಡಿಸಿ, ಕೆಣಕಿ, ಅವನ ಹೆಸರು ಊರುಗಳನ್ನು ಹೊರಗೆಡಹುವ ಸ್ವಾರಸ್ಯವು ಮೊದಲು ಹೋಗುತ್ತದೆ. ಉಳಿಯುವುದು ಕಿರೀಟ, ಭುಜಕೀರ್ತಿ, ಕುಣಿತ. ಛಾಯಾಚಿತ್ರಕ್ಕೆ ಇಷ್ಟು ಸಾಕು.

ಪ್ರಾಚೀನರು ಈ ವಿಷಯದಲ್ಲಿ ಹೆಚ್ಚು ಎಚ್ಚರವುಳ್ಳವರಾಗಿದ್ದರು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಪ್ರಯೋಗದ ಗುಣದೋಷಗಳನ್ನು ನಿರ್ಣಯಿಸತಕ್ಕ ಪ್ರಾಶ್ನಿಕರನ್ನು ಎಣಿಸುವಾಗ ಯಜ್ಞವಿದ, ನರ್ತಕ, ಛಂದೋವಿದ, ವೈಯಾಕರಣ, ಧನುರ್ಧರ, ಚಿತ್ರಕಾರ, ವೇಶ್ಯೆ, ಗಾಯಕ ಮೊದಲಾದವರೊಡನೆ ರಾಜನನ್ನೂ ರಾಜಸೇವಕನನ್ನೂ ಹೇಳಿದ್ದಾನೆ. ಒಬ್ಬೊಬ್ಬರಿಗೂ ತಮ್ಮ ತಮ್ಮ ವಿಷಯದಲ್ಲಿ ಮಾತ್ರ ಅಧಿಕಾರ: ವೇಷಭೂಷಣವನ್ನು ಚಿತ್ರಕಾರನು ನೋಡಬೇಕು, ಸ್ವರತಾಳಗಳನ್ನು ಗಾಯಕನು. ರಾಜಸೇವಕನ ಪಾಲಿಗೆ ಬಂದುದು ಉಪಚಾರಮರ್ಯಾದೆಗಳ ಪರೀಕ್ಷೆ. ಇಂದು ಉಳಿದವರೆಲ್ಲರೂ ಎದ್ದುಹೋಗಿ ರಾಜಸೇವಕನೊಬ್ಬನೇ ಆಸನದಲ್ಲಿ ಕುಳಿತಂತಿದೆ. ಇದು ಅವನ ದೋಷವಲ್ಲ. ಸಾರ್ವಜನಿಕರ ಹಣಕ್ಕೆ ಲೆಕ್ಕವು ಬೇಕೇಬೇಕು. ಲೆಕ್ಕವಿಡಲು ಅವನಿಗೆ ಕೊಟ್ಟಿರುವ ಅಳತೆಗೋಲು ಚಪ್ಪರವನ್ನು ಅಳೆಯಬಲ್ಲುದು, ಅಭ್ಯಾಸವನ್ನು ಅಳೆಯಲಾರದು.

ಅಭ್ಯಾಸಕ್ಕೆ ಹಣ ಕೊಡುವ ತತ್ತ್ವವು ಸರ್ಕಾರಕ್ಕೆ ಅಪರಿಚಿತವೂ ಅಲ್ಲ. 1989ರಲ್ಲಿ ಮೈಸೂರಿನಲ್ಲಿ ಬಿ. ವಿ. ಕಾರಂತರ ನಾಯಕತ್ವದಲ್ಲಿ ರಂಗಾಯಣವು ಹುಟ್ಟಿದಾಗ ನಟರಿಗೆ ವೇತನವನ್ನು ಕೊಟ್ಟುದು ಕಲಿಕೆಗೆ ಅವಕಾಶವಾಗಲೆಂದೇ. ಅದಕ್ಕೂ ನೂರು ವರ್ಷ ಹಿಂದೆ ಚಾಮರಾಜೇಂದ್ರ ಒಡೆಯರು ಅರಮನೆಯ ನಾಟಕಮಂಡಲಿಯನ್ನು ಪೋಷಿಸಿದಾಗ ಬಸವಪ್ಪಶಾಸ್ತ್ರಿಗಳ ಶಾಕುಂತಲವು ಕನ್ನಡಕ್ಕೆ ಲಾಭವಾಯಿತು; ಒಂದು ರಾತ್ರಿಯ ದೀಪದ ಎಣ್ಣೆಗೆಂದು ಹಣ ಕೊಟ್ಟಿದ್ದರೆ ಎಣ್ಣೆಯು ಉರಿದುಹೋಗುತ್ತಿತ್ತು. ಕೇಂದ್ರ ಸಂಸ್ಕೃತಿ ಮಂತ್ರಾಲಯದ ಗುರುಶಿಷ್ಯ ಪರಂಪರೆಯ ಯೋಜನೆಯಲ್ಲಿ ಗುರುವಿಗೂ 18ರವರೆಗಿನ ಶಿಷ್ಯರಿಗೂ ಮಾಸಿಕ ಗೌರವಧನವುಂಟು. ಯೋಜನೆಯು ಉತ್ತಮವಾದುದೇ, ಆದರೆ ವರ್ಷಪೂರ್ತಿ ನಿಲ್ಲುವ ಮಂಡಲಿಗಳಿಗೆ ಅದು ಒಪ್ಪುವಷ್ಟು, ಮಳೆ ಬಿದ್ದೊಡನೆ ಗೆಜ್ಜೆ ಬಿಚ್ಚಿ ನೇಗಿಲು ಹಿಡಿಯುವವರಿಗೆ ಒಪ್ಪುವುದಿಲ್ಲ.

ಕಲಿಸಿದರೆಂಬುದಕ್ಕೆ ಸಾಕ್ಷಿಯೇನು, ಸುಳ್ಳು ಹಾಜರಿ ಬರೆದರೆ ಗತಿಯೇನು ಎಂದು ಕೇಳಬಹುದು. ಕೇಳತಕ್ಕ ಪ್ರಶ್ನೆಯೇ. ಆದರೆ ಶಾಲೆಯ ಉಪಾಧ್ಯಾಯನಿಂದ ದಿನದಿನದ ಪಾಠಕ್ಕೆ ರಸೀದಿಯನ್ನು ಯಾರೂ ಕೇಳುವುದಿಲ್ಲ; ವರ್ಷದ ಕೊನೆಗೆ ಮಕ್ಕಳನ್ನು ಪರೀಕ್ಷಿಸುತ್ತಾರೆ. ಮೂಡಲಪಾಯವನ್ನು ಪೂರ್ಣವಾಗಿ ಬಲ್ಲ ಭಾಗವತರು ವೃದ್ಧರಾಗಿದ್ದಾರೆ. ಎಷ್ಟೋ ಪ್ರಸಂಗಗಳು ಅವರ ಕೈಬರಹದ ಪುಸ್ತಕಗಳಲ್ಲಿಯೂ, ಅವುಗಳ ಮಟ್ಟುಗಳು ಅವರ ಕಂಠದಲ್ಲಿಯೂ ಇವೆ. ತಾಲ್ಲೂಕಿಗೊಬ್ಬ ಭಾಗವತನಿಗೆ, ಒಂದು ಹಳ್ಳಿಯಲ್ಲಿ ಒಂದು ಪ್ರಸಂಗವನ್ನು ಪೂರ್ಣವಾಗಿ ಕಲಿಸುವುದಕ್ಕೆಂದು, ಮೂರು ನಾಲ್ಕು ತಿಂಗಳ ವೇತನವನ್ನು ಗೊತ್ತುಮಾಡಲಿ. ಆಟದ ರಾತ್ರಿ ಊರಿಗೆ ಊರೇ ಪರೀಕ್ಷಕರಾಗಿ ಕುಳಿತಿರುತ್ತದೆ. ಛಾಯಾಚಿತ್ರವು ಬೇಕೆನ್ನುವವರು ಅಂದು ಬಂದು, ಬೆಳಗಿನವರೆಗೆ ಕುಳಿತು, ತೆಗೆದುಕೊಳ್ಳಲಿ.